ಸಿಂಗಾಪುರದ ಕೆಳಗಿನ ಮನೆ

"ಹತ್ತನೇ ಅಂತಸ್ತು ಬ್ಯಾಡ. ಸಮುದ್ರ ಕಾಣೋದೂ ಬ್ಯಾಡ. ಎಲ್ಲಾದ್ಕಿಂತ ಕೆಳಗಿನ ಮನಿ ಕೊಡಸ್ರಿ," ಎಂದು ಚನ್ನವೀರಮ್ಮ ತಾನು ತಂದಿದ್ದ ಕಟ್ಟಡದ ಬಣ್ಣದ ಚಿತ್ರವನ್ನು ಉಜ್ಜಿನಪ್ಪನ ಕಡೆಗೆ ತಳ್ಳಿದಳು.

ದಲ್ಲಾಳಿ ಉಜ್ಜಿನಪ್ಪನ ಬಾಯಲ್ಲಿ ಎಲೆ ಅಡಿಕೆ ಅಲ್ಲೇ ನಿಂತಿತು. ಬಳ್ಳಾರಿಯಲ್ಲಿ ಅವನ ಬಾಯಿ ನಿಂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕೋಟೆ ಗುಡ್ಡವನ್ನು ನಾಲ್ಕು ಸೈಟು ಮಾಡಿ ಐದು ಜನಕ್ಕೆ ಮಾರಬಲ್ಲ ಗಂಡು ಅವನು. ಬೇಸಿಗೆಯಲ್ಲಿ ಕಾಗೆಗಳೂ ನೆರಳು ಹುಡುಕಿ ಆಂಧ್ರಕ್ಕೆ ಹಾರುವ ಈ ಸೀಮೆಯಲ್ಲಿ, ಕುರುಗೋಡಿನ ಬಂಡೆಗೆ ಹತ್ತಿದ ಹೊಲವನ್ನು "ತಂಪು ಗಾಳಿ ಐತ್ರಿ" ಅಂತ ಮಾರಿದ್ದ. ಆದರೆ ಸಾವಿರದ ಒಂಬೈನೂರ ಎಂಬತ್ತೆರಡರ ಆ ಮಧ್ಯಾಹ್ನದವರೆಗೆ ಸಿಂಗಾಪುರದ ಫ್ಲಾಟು ಬೇಕೆಂದು ಅವನ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ.

ಹತ್ತಿದವಳಾದರೂ ಯಾರು! ಸಿರುಗುಪ್ಪದ ಹೆಣ್ಣುಮಗಳು. ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆಯ ಒಡತಿ. ಹಣೆ ತುಂಬ ವಿಭೂತಿ, ಉಂಗುಷ್ಟ ಹರಿದ ಚಪ್ಪಲಿ. ಗಂಡ ಹಾಲಸಿದ್ದಪ್ಪ ಹನ್ನೆರಡು ವರ್ಷದ ಹಿಂದೆ ಮದರಾಸಿನಲ್ಲಿ ಹಡಗು ಹತ್ತಿ ಸಿಂಗಾಪುರಕ್ಕೆ ಕಟ್ಟಡದ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವನಿಗೆ ಅಲ್ಲಿ ಚೀನಾದ ಹೆಂಡತಿ, ಆರು ಮಕ್ಕಳು, ಒಂದು ಮೋಟಾರು ಇವೆಯೆಂದು ಸಿರುಗುಪ್ಪ ಹೇಳುತ್ತಿತ್ತು. ಸುದ್ದಿ ಕೆಂಚನಗುಡ್ಡ ಮುಟ್ಟುವಷ್ಟರಲ್ಲಿ ಹೆಂಡಿರು ಮೂವರಾಗುತ್ತಿದ್ದರು. ಚನ್ನವೀರಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೋದ ವರ್ಷ ಗಂಡನ ಜೊತೆ ದುಡಿದಿದ್ದ ಎರ್ರಣ್ಣ ಊರಿಗೆ ಬಂದು, ಆ ಕಟ್ಟಡದ ಚಿತ್ರವನ್ನೂ, ಒಂದು ಕಾಗದದ ಮೇಲೆ ಗೀಟು ಎಳೆದು ಗುರುತನ್ನೂ ಕೊಟ್ಟು ಹೋಗಿದ್ದ. ಅಂದಿನಿಂದ ಆಕೆಗೆ ಈ ಹುಚ್ಚು.

"ಯಜಮಾನ್ರು ಈ ಕಟ್ಟಡದಾಗ ಅದಾರೇನ್ರಿ?" ಕೇಳಿದ ಉಜ್ಜಿನಪ್ಪ.

"ಅಲ್ಲೇ ಅದಾರ."

"ಮತ್ತ ಅವರೇ ಬಂದು ಕರಕೊಂಡು ಹೋಗಬಾರದೇನು?"

"ಅವರ ಕೈಲಿ ಆಗಂಗಿಲ್ಲ."

ಉಜ್ಜಿನಪ್ಪನಿಗೆ ತಟ್ಟನೆ ಹೊಳೆಯಿತು. ಮೇಲೆ ಸವತಿ, ಕೆಳಗೆ ಈಕೆ! ಮೆಟ್ಟಿಲ ಬುಡದಲ್ಲೇ ಕಾದು ಜಡೆ ಹಿಡಿಯುವ ಹಂಚಿಕೆ! ಇಂಥ ಗಿರಾಕಿಗಾಗಿ ಅವನು ಸಿಂಗಾಪುರವನ್ನೇ ಬುಡಸಮೇತ ಕಿತ್ತು ತಂದು ಹಗರಿ ಹೊಳೆಯ ದಂಡೆಗೆ ನೆಡಲೂ ತಯಾರಾದ.

ಮದರಾಸಿನಲ್ಲಿ ಆ ಫ್ಲಾಟುಗಳನ್ನು ಮಾರಿಸುವ ಏಜೆಂಟನೊಬ್ಬನಿದ್ದ. ಅವನಿಗೆ ಕಾಗದ ಹೋಯಿತು, ಉತ್ತರ ಬಂತು. ಉಜ್ಜಿನಪ್ಪ ಓದಿ ಹೇಳಿದ: "ಪರದೇಶದವರಿಗೆ ಅಲ್ಲಿ ಮಣ್ಣು ಮಾರಂಗಿಲ್ಲಂತ್ರಿ. ಆರು ಅಂತಸ್ತಿಗೆ ಕಮ್ಮಿ ಇಲ್ಲದ ಕಟ್ಟಡದಾಗ ಫ್ಲಾಟು ಮಾತ್ರ ಕೊಡತಾರ. ಇದು ಹತ್ತು ಅಂತಸ್ತಿಂದು. ಬಚಾವಾದ್ರಿ!"

"ಮಣ್ಣು ಕೊಡಂಗಿಲ್ಲಂತೇನು," ಎಂದು ಆಕೆ ಚಿತ್ರದಲ್ಲಿನ ಕಟ್ಟಡದ ಬುಡವನ್ನು ಬೆರಳಿನಿಂದ ಸವರಿದಳು. ಆಮೇಲೆ, "ಬುನಾದಿ ಎಷ್ಟು ಆಳ ತೋಡ್ಯಾರ, ಕೇಳ್ರಿ," ಎಂದಳು.

"ಅಕ್ಕಾರ, ಮಂದಿ ಅಡಿಗಿಮನಿ ಹೆಂಗೈತಿ ಅಂತ ಕೇಳತಾರ. ನೀವು ಬುನಾದಿ ಕೇಳತೀರಲ್ರಿ!"

"ಕೇಳ್ರಿ."

ಇನ್ನೊಂದು ಗಂಟು ಇತ್ತು. ನಮ್ಮ ರೂಪಾಯಿ ಗಡಿ ದಾಟಿ ಮನೆ ಕೊಳ್ಳಬೇಕಾದರೆ ಸರಕಾರದ ಅಪ್ಪಣೆ ಬೇಕು. ಅರ್ಜಿಯಲ್ಲಿ 'ಕೊಳ್ಳುವ ಉದ್ದೇಶ' ಎಂಬಲ್ಲಿ ಉಜ್ಜಿನಪ್ಪ 'ವಾಸಕ್ಕೆ' ಎಂದು ಬರೆದ. ಆಕೆ ಅದನ್ನು ಹೊಡೆಸಿ ಹಾಕಿದಳು.

"ಸುಳ್ಳು ಬ್ಯಾಡ. ದೀಪ ಹಚ್ಚಾಕ ಅಂತ ಬರೀರಿ."

"ಎರಡೂ ಒಂದೇ ಅಲ್ಲೇನ್ರಿ? ಮನಿ ಅಂದಮ್ಯಾಲ ದೀಪ ಹಚ್ಚದೇ ಇರ್ತೀರೇನು?"

"ಬರೀರಿ."

ಅರ್ಜಿ ಹೋಯಿತು, ತಿರುಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಎರಡು ಮುಂಗಾರು ಕಳೆದವು. ಸಿರುಗುಪ್ಪದ ಬಸ್ಸಿನ ಟೈರು ಸವೆದದ್ದೇ ಚನ್ನವೀರಮ್ಮನ ಓಡಾಟದಿಂದ ಎಂದು ಕಂಡಕ್ಟರು ಆಣೆ ಮಾಡುತ್ತಿದ್ದ. ಗದ್ದೆಗೆ ಸಿರಿಗೇರಿಯ ಗಿರಾಕಿಯೊಬ್ಬ ಗೊತ್ತಾಗಿದ್ದ. ಆಕೆ ಹೂಂ ಅಂದರೆ ಸಾಕು, ಮಾರನೇ ದಿನ ರಿಜಿಸ್ಟರು.

"ಗದ್ದಿ ಹೋದಮ್ಯಾಲ ಏನು ಉಣ್ಣತೀರಿ?" ಎಂದು ಕೇಳಿದ ಉಜ್ಜಿನಪ್ಪ. ಗಿರಾಕಿಯನ್ನು ಹೀಗೆ ಕೇಳಿದ್ದು ಅವನ ಜನ್ಮದಲ್ಲೇ ಮೊದಲು.

"ಒಂದು ಹೊಟ್ಟಿ. ಅದೇ ಗದ್ದಿಗೆ ಕೂಲಿ ಹೋಗ್ತೀನಿ. ನೀವು ಕೆಳಗಿನ ಮನಿ ಕೊಡಸ್ರಿ."

ಕೊನೆಗೆ ಮದರಾಸಿನಿಂದ ದಪ್ಪ ಲಕೋಟೆ ಬಂತು. ಉಜ್ಜಿನಪ್ಪ ಅದನ್ನು ಮೂರು ಸಲ ಓದಿದ. ಸೀಸದ ಬಿಂದಿಗೆಯನ್ನೂ ತೇಲುವ ಬಿಂದಿಗೆಯೆಂದು ಮಾರುವವನಿಗೆ ಆ ಹೊತ್ತು ಒಂದೂ ಸುಳ್ಳು ಸಿಗಲಿಲ್ಲ.

"ಅಕ್ಕಾರ, ಅಪ್ಪಣೆ ಸಿಗಂಗಿಲ್ಲ. ನಾಳೆ ಸಿಕ್ಕರೂ ಉಪಯೋಗಿಲ್ಲ. ಕೆಳಗ ಮನಿನೇ ಇಲ್ಲಂತ್ರಿ. ಬರೀ ಕಂಬ. ಕಾರು ನಿಲ್ಲಸ್ತಾರ."

ಚನ್ನವೀರಮ್ಮ ಅಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಎರ್ರಣ್ಣನ ಕಾಗದ ತೆಗೆದಳು. ಲಕೋಟೆಯಲ್ಲಿದ್ದ ನಕ್ಷೆಯ ಪಕ್ಕದಲ್ಲಿ ಹರಡಿದಳು. ರಸ್ತೆಯ ತಿರುವಿನಿಂದ ನಲವತ್ತು ಹೆಜ್ಜೆ, ಅಲ್ಲಿಂದ ಬಲಕ್ಕೆ ಒಂಬತ್ತು. ಉಜ್ಜಿನಪ್ಪನ ಬೆರಳು ಅಳೆಯುತ್ತ ಹೋಗಿ ಹದಿನೇಳನೇ ಕಾರಿನ ಗೀಟಿನೊಳಗೆ ನಿಂತಿತು.

"ಇದೊಂದು ಕೊಡತಾರೇನು?"

ಉಜ್ಜಿನಪ್ಪ ನಕ್ಕ. ಹೊರಗೆ ಬೆಂಗಳೂರು ರಸ್ತೆಯ ಅಂಗಡಿಗಳ ಫಲಕಗಳೆಲ್ಲ ಅಲುಗಾಡುವಂತೆ ನಕ್ಕ. "ಎತ್ತಿನಗಾಡಿನೂ ಇಲ್ಲದಾಕಿಗೆ ಕಾರಿನ ಜಾಗ ಯಾಕ್ರಿ? ಹದಿನಾರು ಅಡಿ ಉದ್ದ, ಎಂಟು ಅಡಿ ಅಗಲ!"

"ಅಷ್ಟು ಬ್ಯಾಡ್ರಿ, ಮೂರು ಅಡಿ ಸಾಕು. ಎರ್ರಣ್ಣ ನಮ್ಮವರನ್ನ ಕುಂದ್ರಿಸಿ ಮಣ್ಣು ಕೊಟ್ಟಿದ್ದು ಅಷ್ಟರಾಗ."