ಹನ್ನೆರಡನೆಯ ಹೆಸರು

ಪಂದ್ಯಕ್ಕೆ ಮುನ್ನ ಹೈಸ್ಕೂಲಿನ ಫುಟ್‌ಬಾಲ್ ಹುಡುಗರನ್ನು ಒಬ್ಬೊಬ್ಬರಾಗಿ ಹೆಸರು ಕೂಗಿ ಮೈದಾನಕ್ಕೆ ಇಳಿಸುವುದು ಊರಿನ ಪ್ರೋತ್ಸಾಹಕ ಸಂಘದ ಪದ್ಧತಿ. ಕಾರ್ಯದರ್ಶಿ ಕರುಣಾಕರ ಹನ್ನೊಂದು ಹೆಸರು ಮುಗಿಸಿ ಮೈಕ್ ಇಳಿಸುವಷ್ಟರಲ್ಲಿ ಇದೇ ತಂಡದಲ್ಲಿ ಆಡುತ್ತಿದ್ದ ಸುಕೇಶನ ತಾಯಿ ಎದುರು ನಿಂತಿದ್ದಳು. ಕಳೆದ ಮಳೆಗಾಲದಲ್ಲಿ ಅವನನ್ನು ಕಡಲು ಎಳೆದೊಯ್ದಿತ್ತು, ದೇಹ ಸಿಕ್ಕಿರಲಿಲ್ಲ.

“ನನ್ನ ಮಗನನ್ನೂ ಒಮ್ಮೆ ಕರೀರಿ ಸರ್.”

“ಹಾಗೆಲ್ಲ ಆಗುದಿಲ್ಲಮ್ಮ. ಮಕ್ಕಳು ಹೆದರ್ತಾರೆ.”

“ಒಂದೇ ಸಲ. ನಾನು ಗಂಟಲು ಹರಿಯುವಷ್ಟು ಕರೆದ್ರೂ ಬರದವ, ನಿಮ್ಮ ಮೈಕಿಗೆ ಊಟ ಬಿಟ್ಟು ಓಡ್ತಿದ್ದ.”

ಅವಳಿಗೆ ಸಮಾಧಾನವಾಗಲಿ ಎಂದು ಕರುಣಾಕರ ಕೂಗಿದ: “ಸುಕೇಶ!”

ಮೈದಾನದಲ್ಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಕರುಣಾಕರನ ಕಣ್ಣೂ ತನಗರಿವಿಲ್ಲದೆ ಗೇಟಿನತ್ತ ಹೊರಳಿತು. ತಾಯಿ ಬಹಳ ಹೊತ್ತು ಅತ್ತಲೇ ನೋಡಿದಳು.

“ಹಾಗಾದ್ರೆ ಇನ್ನು ಅವನ ಉತ್ತರಕ್ರಿಯೆ ಮಾಡಿಸಬಹುದು ಸರ್.”