ಎಡಗಡೆಯ ಸೀಟು

“ನೀನೇನು ಸಿಮೆಂಟ್ ಮೂಟೆಯಾ, ಲಾರಿಗೆ ಹಾಕಿಕೊಂಡು ಹೋಗೋದಕ್ಕೆ?” ಅಣ್ಣು ಹೆಂಡತಿಯ ಮೇಲೆ ರೇಗಿ ಮೇಜಿಗೆ ಬಡಿದ ಹೊಡೆತಕ್ಕೆ ಇನ್ಶೂರೆನ್ಸ್ ಏಜೆಂಟ್ ಹಿತೇಶನ ಟೀ ಚೆಲ್ಲಿತು. “ನನ್ನ ಮಾತು ಇವಳಿಗೆ ಸಾಲದು. ನೀನೇ ಹೇಳು ಮಾರಾಯ. ಇನ್ಶೂರೆನ್ಸ್‌ನವನ ಬಾಯಿಂದಲೇ ಕೇಳಲಿ.”

“ಕೇಳ್ತೇನೆ. ಅದಕ್ಕೇ ಬಂದದ್ದು,” ಎಂದಳು ಪುಷ್ಪಾವತಿ. ಗಂಡನ ಕಡೆ ನೋಡಲಿಲ್ಲ.

ದೆಹಲಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಹಿತೇಶನ ಇಕ್ಕಟ್ಟಿನ ಅಂಗಡಿಯ ಎದುರಿಗೇ ಲಾರಿ ನಿಂತಿತ್ತು. ಫರೀದಾಬಾದಿನ ಮಾಲು ತುಂಬಿ, ಹಗ್ಗ ಬಿಗಿದು ಆಗಿತ್ತು. ಮದುವೆಯಾದಾಗಿನಿಂದ ಅಣ್ಣು ದೆಹಲಿಗೂ ಉಡುಪಿಗೂ ನಡುವೆ ಲಾರಿ ಓಡಿಸುತ್ತಲೇ ಬಂದಿದ್ದ. ಅವಳು ದೆಹಲಿಯ ಪೀತಮ್‌ಪುರಾದ ಬಾಡಿಗೆ ಮನೆಯಲ್ಲಿ ಅವನ ಫೋನಿಗೆ ಕಾಯುತ್ತಲೇ ಬಂದಿದ್ದಳು. ಈ ಗಾಡಿಗೆ ಮುಂದಿನ ತಿಂಗಳು ಹತ್ತು ವರ್ಷ ತುಂಬುತ್ತದೆ. ಹತ್ತು ತುಂಬಿದ ಡೀಸೆಲ್ ಗಾಡಿಯನ್ನು ದೆಹಲಿಯಲ್ಲಿ ಓಡಿಸುವಂತಿಲ್ಲ. ಸಂಜೆ ಹೊರಟು, ಮಾಲು ಇಳಿಸಿ, ಲಾರಿಯನ್ನು ಊರಲ್ಲೇ ಮಾರಿ ಬರುವುದು. ಬಂದಮೇಲೆ ಇಲ್ಲೇ ಭಾವನ ಹೋಟೆಲಿನ ಗಲ್ಲಾದಲ್ಲಿ ಕೂರುವುದು ಎಂದು ಅಣ್ಣು ನಿಶ್ಚಯ ಮಾಡಿದ್ದ. ಇದು ಕೊನೆಯ ಓಟ. ಅದಕ್ಕೇ ಅವಳು ತಾನೂ ಲಾರಿಯಲ್ಲಿ ಬರುತ್ತೇನೆಂದು ಹಟ ಹಿಡಿದಿದ್ದಳು.

“ಊರಿಗೆ ಹೋಗಬೇಕಾದರೆ ರೈಲಿದೆ. ಎಸಿ ಟಿಕೆಟೇ ತೆಗೆಸಿಕೊಡ್ತೇನೆ.”

“ನನಗೆ ಊರು ಬೇಡ.”

“ಮತ್ತೆ ಎಂತ ಬೇಕು ನಿನಗೆ?”

“ದಾರಿ.”

“ದಾರಿಯಲ್ಲಿ ಎಂತ ಉಂಟು? ಹೊಗೆ, ಗುಂಡಿ, ಪೊಲೀಸ್. ನೋಡೋದಕ್ಕೇನಿದೆ ಅಲ್ಲಿ?”

“ನೀವಿದ್ದೀರಿ,” ಎಂದಳು. “ನರ್ಮದೆ ತುಂಬಿ ಹರೀತಿದೆ ಅಂತೀರಿ. ಉದಯಪುರ ದಾಟಿದ ಮೇಲೆ ನವಿಲು ಅಡ್ಡ ಬಂತು ಅಂತೀರಿ. ಯಾವುದೋ ಢಾಬಾದ ಮುದುಕ ನಿಮಗೆ ಅಂತ ಮಜ್ಜಿಗೆ ತೆಗೆದಿಡ್ತಾನೆ ಅಂತೀರಿ. ಎಲ್ಲ ಫೋನಿನಲ್ಲಿ. ಮನೆಗೆ ಬಂದರೆ ಉಂಡು ಗೋಡೆ ಕಡೆ ತಿರುಗಿ ಮಲಗ್ತೀರಿ. ನನ್ನ ಗಂಡ ಇರೋದು ಆ ದಾರಿಯಲ್ಲಿ. ಮನೆಗೆ ಬರೋದು ಅವನ ಸುಸ್ತು.”

ಹಿತೇಶ್ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದ. ಅಣ್ಣು ಮೀಸೆ ಉಜ್ಜಿಕೊಂಡ. ಆಮೇಲೆ ಅವನ ದನಿ ಮೊದಲಿಗಿಂತ ಗಡುಸಾಯಿತು. “ನೀನು ಬಾಯಿ ಬಿಡೋ. ಏನಾದರೂ ಆದರೆ ಇವಳಿಗೆ ಏನು ಸಿಗುತ್ತೆ ಹೇಳು.”

ಹಿತೇಶ್ ಉಡುಪಿ ಕಡೆಯವರ ಮಗ, ಆದರೆ ದೆಹಲಿಯಲ್ಲೇ ಹುಟ್ಟಿ ಬೆಳೆದು ಮಾತಿಗೆ ಹಿಂದಿ ಬೆರೆಸುವವನು. “ಅಂಕಲ್, ನೀವೆಲ್ಲ ಫುಲ್ ಇನ್ಶೂರೆನ್ಸ್ ಅಂತೀರಲ್ಲ, ಅದರಲ್ಲಿ ಎಲ್ಲಾ ಫುಲ್ ಇರಲ್ಲ. ಥರ್ಡ್ ಪಾರ್ಟಿ ಅಂದ್ರೆ ರಸ್ತೆಯಲ್ಲಿರೋ ಬೇರೆಯವರಿಗೆ. ಓನ್ ಡ್ಯಾಮೇಜ್ ಗಾಡಿಗೆ. ಓನರ್ ನೀವೇ ಓಡಿಸ್ತೀರಿ, ತೋ ನಿಮಗೆ ಪರ್ಸನಲ್ ಆಕ್ಸಿಡೆಂಟ್. ಸಂಬಳದ ಡ್ರೈವರ್, ಕ್ಲೀನರ್ ಇಟ್ಟರೆ ಅವರಿಗೆ ಅಲಗ್ ಪ್ರೀಮಿಯಂ. ಸುಮ್ಮನೆ ಕೂತು ಹೋಗೋರಿಗೆ ಮಾತ್ರ ಕುಛ್ ನಹೀಂ, ಏನೂ ಇಲ್ಲ. ಮಾಲಿನ ಗಾಡಿಯಲ್ಲಿ ಪ್ಯಾಸೆಂಜರ್ ಇರಲೇಬಾರದು. ವೈಫ್ ಆದ್ರೂ ಅಷ್ಟೇ.”

“ಕಿವಿಗೆ ಬಿತ್ತಾ?” ಅಣ್ಣು ಗೆದ್ದವನಂತೆ ಕುರ್ಚಿಗೆ ಒರಗಿದ.

ಪುಷ್ಪಾವತಿ ಹಿತೇಶನ ಕಡೆ ತಿರುಗಿದಳು. “ಹೋದ ಸಲ ಒಬ್ಬ ಸೇಠ್ ಸೂರತ್‌ನಿಂದ ಇವರ ಪಕ್ಕದಲ್ಲೇ ಕೂತು ಬಂದ. ತನ್ನ ಸೀರೆ ಗಂಟುಗಳನ್ನ ತಾನೇ ಕಾಯ್ತಿದ್ದ. ಅವನಿಗೂ ಏನೂ ಇಲ್ಲವಾ?”

“ಅವರಿಗೆ ಇದೆ ಆಂಟಿ. ಮಾಲಿನ ಓನರ್ ತನ್ನ ಮಾಲಿನ ಜೊತೆ ಕ್ಯಾಬಿನ್‌ನಲ್ಲಿ ಹೋದರೆ ಥರ್ಡ್ ಪಾರ್ಟಿಯಲ್ಲೇ ಬರ್ತಾರೆ. ಕಾನೂನೇ ಹಾಗಿದೆ. ಮಾಲು ಸಚ್‌ಮುಚ್ ಅವರದ್ದೇ ಆಗಿರಬೇಕು, ಬಿಲ್ಟಿ, ಅಂದ್ರೆ ಮಾಲಿನ ರಸೀದಿ, ಅವರ ಹೆಸರಲ್ಲಿ ಇರಬೇಕು. ಬಸ್, ಅಷ್ಟೇ.”

ಮೇಜಿನ ಕೆಳಗೆ ಅಣ್ಣು ಅವನ ಕಾಲು ತುಳಿದ. ತುಳಿಯುವಷ್ಟರಲ್ಲಿ ಹೇಳಿ ಮುಗಿದಿತ್ತು.

“ಮಾಲು ಎಷ್ಟಿರಬೇಕು?”

“ಇಷ್ಟೇ ಅಂತ ಏನಿಲ್ಲ, ಆಂಟಿ…”

ಅವಳು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ರಸ್ತೆಯಾಚೆ ಆಲೂಗಡ್ಡೆ ಮಾರುವವನ ಗಾಡಿಯ ಮುಂದೆ ನಿಂತು, “ಭಯ್ಯಾ, ಪೂರಾ ಬೋರಾ ದೇ ದೋ” ಅಂದದ್ದು ಒಳಗೂ ಕೇಳಿಸಿತು. ಅವನು ಮೂಟೆ ಹೊತ್ತ. ಅವಳು ಮುಂದೆ ಮುಂದೆ ಹೋಗಿ ಲಾರಿ ತೋರಿಸಿ, ಮೂಟೆಯ ಹಿಂದೆಯೇ ಕ್ಯಾಬಿನ್ ಹತ್ತಿದಳು.

“ಇಲ್ಲಿಂದ ಉಡುಪಿಗೆ ಆಲೂಗಡ್ಡೆಯಂತೆ. ಅಲ್ಲಿ ಸಿಗೋದಿಲ್ಲ ನೋಡು,” ಎಂದ ಅಣ್ಣು.

“ಪಕ್ಕದ ಆಫೀಸಿನಲ್ಲಿ ಬಿಲ್ಟಿ ಮಾಡಿಸಿ ಬಿಡಲಾ ಅಂಕಲ್? ಆಂಟಿ ಹೆಸರಲ್ಲಿ?”

“ನಿನ್ನ ಬಾಯಿಗೆ ಮೊದಲು ಬೀಗ ಮಾಡಿಸು. ಈ ಬಿಸಿಲಿಗೆ ಕ್ಯಾಬಿನ್ ಕಾದ ಕಾವಲಿ ಆಗಿರ್ತದೆ. ತಾನೇ ಇಳಿದು ಬರ್ತಾಳೆ.”

ಹಿತೇಶ್ ಪಾಲಿಸಿ ಮುಗಿಸಿದ. ಇನ್ನೊಂದು ಸಲ ಟೀ ಬಂತು. ಅವಳ ಲೋಟದ ಮೇಲೆ ಕೆನೆ ಕಟ್ಟಿತು. ಅವಳು ಬರಲಿಲ್ಲ.

ಅಣ್ಣು ಕುರ್ಚಿ ಒದ್ದು ಎದ್ದ. ಕೈ ಹಿಡಿದು ಎಳೆದು ಇಳಿಸಬೇಕೆಂದೇ ಹೊರಟವನು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟ.

ಲಾರಿ ಸ್ಟಾರ್ಟ್ ಮಾಡುವ ಕೀಲಿ ಅವನ ಜೇಬಿನಲ್ಲೇ ಇತ್ತು. ಎಂಜಿನ್ ತಣ್ಣಗಿತ್ತು, ಚಕ್ರಕ್ಕೆ ಕಲ್ಲು ಕೊಟ್ಟಿತ್ತು. ಎಡಗಡೆಯ ಸೀಟಿನಲ್ಲಿ ಪುಷ್ಪಾವತಿ ನೆಟ್ಟಗೆ ಕೂತಿದ್ದಳು. ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು. ಕಿಟಕಿಯ ಗಾಜು ಪೂರ್ತಿ ಇಳಿಸಿ, ಕೈಯನ್ನು ಹೊರಗೆ ಚಾಚಿ, ಬೆರಳು ಬಿಡಿಸಿ, ಲಾರಿ ಓಡುತ್ತಿರುವಂತೆ ಎದುರಿನಿಂದ ಬೀಸುವ ಗಾಳಿಗೆ ಅಂಗೈ ಒಡ್ಡಿದ್ದಳು.