ಎರಡನೇ ಸಾಲು

ಅತ್ತೆ ಚಾಕುವಿನ ಹಿಂಬದಿಯಿಂದ ತಟ್ಟೆಗೆ ಅಂಟಿದ್ದ ಹೋದ ವರ್ಷದ ಮೇಣವನ್ನು ಕೆರೆಯುತ್ತಿದ್ದರು. ಉದುರಿದ ಚೂರುಗಳನ್ನು ಸೊಸೆ ಅಂಗೈಯಲ್ಲಿ ಒತ್ತರಿಸಿ ಹಳೇ ಪೇಪರಿನ ಮೇಲೆ ಹಾಕುತ್ತಿದ್ದಳು. ತಟ್ಟೆ ಹಸನಾದ ಮೇಲೆ ಅತ್ತೆ ಅದನ್ನು ಒರೆಸಿ, ಮಾವನ ಫೋಟೋದ ಮುಂದಿಟ್ಟು, ಅದರ ಮೇಲೆ ಹೊಸ ಮೇಣದಬತ್ತಿ ನಿಲ್ಲಿಸಿದರು. ಕೆಲವು ವರ್ಷಗಳ ಹಿಂದೆ ಮಾವ ತೀರಿಕೊಂಡ ತಾರೀಖು ಅದು.

ಪ್ರತಿ ವರ್ಷ ಈ ಹೊತ್ತಿಗೆ ಮಗ ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವನ ಹಿಂದೆಯೇ ಹೆಂಡತಿ. ಗಂಡ ಹೆಂಡತಿ ಹೋಗುವ ಕ್ರೈಸ್ತ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ, ಅದು ತಪ್ಪೆಂದೇ ಕಲಿಸುತ್ತಾರೆ. ಅತ್ತೆಯ ಚರ್ಚಿನಲ್ಲಿ ಹಾಗೆ ಪ್ರಾರ್ಥಿಸದಿರುವುದೇ ತಪ್ಪು. ಭಾನುವಾರ ಮೂವರೂ ಒಂದೇ ಬಾಗಿಲಿಗೆ ಬೀಗ ಹಾಕಿ ಒಟ್ಟಿಗೇ ಹೊರಡುತ್ತಿದ್ದರು. ರಸ್ತೆಯ ತಿರುವಿನಲ್ಲಿ ಅತ್ತೆ ಎಡಕ್ಕೆ, ಇವರಿಬ್ಬರು ಬಲಕ್ಕೆ. ಅದರ ಬಗ್ಗೆ ಮನೆಯಲ್ಲಿ ಜಗಳ ಆದದ್ದಿಲ್ಲ. ಮಾತೇ ಆದದ್ದಿಲ್ಲ.

ಅತ್ತೆಯ ಪ್ರಾರ್ಥನೆ ಎರಡೇ ಸಾಲಿನದು. "ದೇವರೇ, ಅವರಿಗೆ ವಿಶ್ರಾಂತಿ ಕೊಡು" ಎಂದು ಒಬ್ಬರು ಕೇಳಬೇಕು. "ಅವರ ಮೇಲೆ ನಿನ್ನ ಬೆಳಕಿರಲಿ" ಎಂದು ಇನ್ನೊಬ್ಬರು ಮುಗಿಸಬೇಕು. ಮುಗಿಸಲು ಪಕ್ಕದ ಮನೆಯ ಟೈಲರಮ್ಮ ಬರುತ್ತಿದ್ದರು. ಮೆಟ್ಟಿಲ ಮೇಲೆ ಕೂತ ಸೊಸೆಗೆ ಕಿಟಕಿಯಿಂದ ಎರಡೂ ದನಿ ಕೇಳಿಸುತ್ತಿದ್ದವು. ಹೋದ ತಿಂಗಳು ಟೈಲರಮ್ಮನೂ ತೀರಿಕೊಂಡಿದ್ದರು.

ಮಗ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.

"ಎಲ್ಲಿಗೆ?"

"ಇಲ್ಲೇ, ಮೆಟ್ಟಿಲ ಹತ್ರ."

"ಮೆಟ್ಟಿಲೇನೂ ಓಡಿಹೋಗಲ್ಲ, ಕೂತ್ಕೋ. ಟೈಲರಮ್ಮ ಇಲ್ಲ. ಎರಡನೇ ಸಾಲು ನೀನು ಹೇಳು."

ಮಗ ಎಲೆಕ್ಟ್ರಿಷಿಯನ್. ಜೇಬಿನಲ್ಲಿದ್ದ ಟೆಸ್ಟರನ್ನು ತೆಗೆದು, ನೋಡಿ, ಮತ್ತೆ ಜೇಬಿಗೇ ಸಿಕ್ಕಿಸಿಕೊಂಡ. "ಅಮ್ಮಾ, ಬೇರೆ ಏನಾದ್ರೂ ಕೇಳು."

"ಬೇರೆ ಏನಿದೆ? ಫ್ಯಾನು ತಿರುಗ್ತಿದೆ, ಲೈಟು ಉರೀತಿದೆ."

"ಎರಡೂ ಸಾಲು ನೀನೇ ಹೇಳ್ಕೋಬಹುದಲ್ಲ?"

"ಕೇಳೋದೂ ನಾನೇ, ಮುಗಿಸೋದೂ ನಾನೇ ಆದ್ರೆ ಅದು ಪ್ರಾರ್ಥನೆ ಅಲ್ಲ, ಮುದುಕಿ ಗೊಣಗಿದ ಹಾಗೆ."

ಮಗ ಮತ್ತೆ ಕೂತ. ದನಿ ತಗ್ಗಿಸಿ, ಒಂದೊಂದೇ ಮಾತು ಹುಡುಕಿ ಹೇಳಿದ. "ಅಪ್ಪ ದೇವರ ಹತ್ರ ಇದ್ದಾರೆ ಅಮ್ಮಾ. ಇನ್ನು ನಾವು ಕೇಳೋಕೆ ಏನೂ ಉಳಿದಿಲ್ಲ. ನಂಬದೇ ಇರೋ ಮಾತನ್ನ ದೇವರ ಮುಂದೆ ಆಡಿದ್ರೆ ಸುಳ್ಳು ಹೇಳಿದ ಹಾಗಾಗಲ್ವಾ?"

"ಜೀವಮಾನವೆಲ್ಲ ನೈಟ್ ವಾಚ್‌ಮನ್ ಆಗಿದ್ದ ಮನುಷ್ಯ ಕಣೋ. ರಾತ್ರಿ ನಿದ್ದೆ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಅಲ್ಲೂ ಗೇಟ್ ಹತ್ರ ಟಾರ್ಚ್ ಹಿಡ್ಕೊಂಡು ಓಡಾಡ್ತಿರ್ತಾರೆ. ಅವರನ್ನ ಸ್ವಲ್ಪ ಮಲಗಿಸಪ್ಪಾ ಅಂತ ಕೇಳೋದು ಅಷ್ಟು ದೊಡ್ಡ ತಪ್ಪಾ?"

ಮಗನಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ಒದ್ದೆಯಾಯಿತು. "ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಲ್ಲಮ್ಮಾ..."

"ಗೊತ್ತು ಬಿಡು." ಅತ್ತೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸೊಸೆಯ ಕಡೆ ತಿರುಗಿದರು. "ನಿನಗೆ ಬರುತ್ತಲ್ಲ? ಮೊನ್ನೆ ಪಾತ್ರೆ ತೊಳೀತಾ ಗುನುಗ್ತಿದ್ದೆ. ಕೇಳಿಸ್ಕೊಂಡೆ."

ಸೊಸೆಯ ಮುಖ ಬಿಸಿಯಾಯಿತು. ಗಂಡ ತನ್ನನ್ನೇ ನೋಡುತ್ತಿದ್ದಾನೆಂದು ತಲೆ ಎತ್ತದೆಯೇ ತಿಳಿಯಿತು. ಟೈಲರಮ್ಮ ಸತ್ತ ದಿನದಿಂದ ಆ ಸಾಲು ಅವಳ ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಪೇಪರಿನ ಮೇಲಿದ್ದ ಮೇಣದ ಚೂರುಗಳನ್ನು ಅವಳು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು.

ಅತ್ತೆ ಕಡ್ಡಿ ಗೀರಿ ಬತ್ತಿ ಹಚ್ಚಿದರು. ಕಣ್ಣು ಮುಚ್ಚಿದರು. "ದೇವರೇ, ಅವರಿಗೆ ವಿಶ್ರಾಂತಿ ಕೊಡು."

ಕಾದರು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಮಗ ನೆಲ ನೋಡುತ್ತಿದ್ದ. ಸೊಸೆ ತುಟಿ ಕಚ್ಚಿ ಹಿಡಿದಿದ್ದಳು.

ಅತ್ತೆ ಕಣ್ಣು ತೆರೆದರು. "ಸರಿ. ಬದುಕಿರೋರಿಗೋಸ್ಕರ ಪ್ರಾರ್ಥನೆ ಮಾಡಬಹುದು ತಾನೇ, ನಿಮ್ಮಲ್ಲಿ?"

"ಮಾಡಲೇಬೇಕು!" ಮಗನ ಎದೆಯ ಮೇಲಿಂದ ಏನೋ ಇಳಿದಂತಾಯಿತು. "ನಾವಿಬ್ಬರೂ ದಿನಾ ನಿನಗೋಸ್ಕರ ಮಾಡ್ತೀವಮ್ಮಾ. ಬೇಕಾದ್ರೆ ಇವಳನ್ನ ಕೇಳು."

"ಒಳ್ಳೇದಾಯ್ತು." ಅತ್ತೆ ತಮ್ಮ ಕುರ್ಚಿಯನ್ನು ಎಳೆದು ಮಾವನ ಫೋಟೋದ ಪಕ್ಕಕ್ಕೆ ಹಾಕಿಕೊಂಡು, ಅವರಿಬ್ಬರಿಗೆ ಮುಖ ಮಾಡಿ ಕೂತರು. ಕನ್ನಡಕ ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡರು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು, ಯಾರೋ ಫೋಟೋ ತೆಗೆಯುತ್ತಾರೆ ಎನ್ನುವ ಹಾಗೆ.

"ನಾನು ಹೋದ ಮೇಲೆ ನೀವು ಹೇಳಲ್ಲ. ಹೇಳಿ ಅಂತ ಬಲವಂತಾನೂ ಮಾಡಲ್ಲ, ನಿಮ್ಮ ಮನಸ್ಸು ನಿಮಗೆ. ಆದ್ರೆ ಇವತ್ತು ಬದುಕಿದ್ದೀನಲ್ಲ, ಇವತ್ತು ತಪ್ಪಾಗಲ್ಲ. ನನ್ನ ಪಾಲಿಂದು ಈಗ್ಲೇ ಹೇಳಿಬಿಡಿ. ಹೇಗೂ ಇಬ್ಬರಿದ್ದೀರಿ. ಒಬ್ಬರಿಗೆ ಒಂದೊಂದು ಸಾಲು."

ಅತ್ತೆ ಕಣ್ಣು ಮುಚ್ಚಿದರು. ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡರು. ಆಗಷ್ಟೇ ಕೆರೆದು ಒರೆಸಿದ್ದ ತಟ್ಟೆಯ ಮೇಲೆ ಮೇಣದ ಮೊದಲ ಹನಿ ಬಿದ್ದು, ಹರಡಿ, ಬೆಳ್ಳಗಾಯಿತು.

ಕಣ್ಣು ತೆರೆಯದೆಯೇ ಅವರು ಇನ್ನೊಮ್ಮೆ ಅಂದರು:

"ಹೇಳ್ರಪ್ಪಾ."